ಗುಳ್ಳೆಯೊಳಗಿನ ಮಾತು

ಟೋಬಿಯಸ್ ತಂದಿಟ್ಟ ರಟ್ಟಿನ ಪೆಟ್ಟಿಗೆಯಲ್ಲಿ
ನಲವತ್ತೊಂದು ಸಂಚಿಕೆ. ಯಾರದೋ ಗ್ಯಾರೇಜು ಖಾಲಿ ಮಾಡುವಾಗ
ಎಲ್ಲಕ್ಕೂ ಸೇರಿ ಒಂಬತ್ತು ಡಾಲರಿಗೆ ಸಿಕ್ಕವಂತೆ.
‘ಇದೆಲ್ಲ ನೀನು ಬರೆದದ್ದಾ ಅಜ್ಜಿ?’
ಬರೆದದ್ದಲ್ಲ ಮಗಾ, ಅಕ್ಷರ ಹಾಕಿದ್ದು.
ಚಿತ್ರ ಒಬ್ಬನದು, ಕತೆ ಇನ್ನೊಬ್ಬನದು,
ಮಾತು ಮಾತ್ರ ನನ್ನ ಕೈಯಿಂದ ಇಳಿದದ್ದು,
ಬ್ರಿಡ್ಜ್‌ಪೋರ್ಟಿನ ಇದೇ ಅಡುಗೆಮನೆ ಮೇಜಿನ ಮೇಲೆ,
ಪುಟಕ್ಕೆ ಎರಡು ಡಾಲರು, ಮಸಿ ನನ್ನದೇ ಖರ್ಚು.
ಅವರೆಲ್ಲರ ಹಣೆಬರಹ ಬರೆದವಳು ನಾನೇ ಅನ್ನು,
ಹಣೆಯಿಂದ ಅರ್ಧ ಇಂಚು ಮೇಲೆ, ಗುಳ್ಳೆಯೊಳಗೆ.

ಭೂತಗನ್ನಡಿ ಹಿಡಿದು ನೋಡುತ್ತೇನೆ.
ಕ್ಯಾಪ್ಟನ್ ಹಾರ್ಬರ್‌ಗೆ ಈಗಲೂ ಮೂವತ್ತೆರಡು.
ದವಡೆ ಹಾಗೇ ಇದೆ, ಹಲಗೆ ಕೊಯ್ದಿಟ್ಟಂತೆ.
ಕಾಗದಕ್ಕೆ ಕಾಮಾಲೆ;
ನೀಲಿ ಮೇಲಂಗಿ ಒಗೆದೊಗೆದ
ಆಸ್ಪತ್ರೆ ಪರದೆಯ ಬಣ್ಣಕ್ಕೆ ಬಂದಿದೆ.
ನಡುಪುಟದ ಪಿನ್ನಿಗೆ ತುಕ್ಕು, ಸರಿಯಾಗಿ ಸೊಂಟದಲ್ಲಿ.
ಹಾರುವಾಗ ಚಳಕು ಹಿಡಿಯುವುದಿಲ್ಲವೇನೋ?

ಅವನ ಮಾತು ಓದಿದರೆ ನಗು.
ವಾಕ್ಯಕ್ಕೆ ಮೂರು ಮೂರು ಉದ್ಗಾರಚಿಹ್ನೆ,
ಬಾಗಿಲು ತೆಗೆದರೂ ಗರ್ಜನೆ, ಕಾಫಿ ಕೇಳಿದರೂ ಗರ್ಜನೆ.
ಗಂಡಸು ಎಂದರೆ ಹಾಗೇ ಅಂದುಕೊಂಡಿದ್ದೆ;
ನನ್ನ ಕಾಜ್ ಕೂಡ ಹಾಗೇ ಮಾತಾಡುತ್ತಿದ್ದ,
ಕಡೆಕಡೆಗೆ, ಕಿವಿ ಮಂದವಾದಾಗ, ಇನ್ನೂ ಜೋರು.
ಹೆದರಿದ್ದನೇನೋ ಪಾಪ,
ಮೆಲ್ಲಗೆ ಆಡಿದರೆ ಗುಳ್ಳೆ ಒಡೆದೀತೆಂದು.

ಪ್ರೊಫೆಸರ್ ಸಿಲ್ಟ್ ಬರುವ ಪುಟ ತಿರುವಲು ಮನಸ್ಸಿಲ್ಲ.
ಅವನಿಗೆ ಬೇಕೆಂದೇ ಅಂಕುಡೊಂಕು ಅಕ್ಷರ ಹಾಕುತ್ತಿದ್ದೆ,
ಓದಿದ ಮಕ್ಕಳಿಗೆ ವಾಕರಿಕೆ ಬರಲೆಂದು.
ಹದಿನಾರನೇ ಸಂಚಿಕೆಯಲ್ಲಿ ಕಡಲ ದಂಡೆಯಲ್ಲಿ ನಿಂತು ಕೂಗುತ್ತಾನೆ:
ಕಾರ್ಖಾನೆಯ ಕೊಳವೆ ಮುಚ್ಚಿ, ಸಿಂಪಿಗಳು ಸಾಯುತ್ತಿವೆ.
ಹಾರ್ಬರ್ ಅವನ ಮೂತಿಗೆ ಗುದ್ದಿ
ಕೊಳವೆಯನ್ನು ಕಾಪಾಡುತ್ತಾನೆ.
ಆ ಗುದ್ದಿನ ಸದ್ದನ್ನು ಪುಟದಗಲ ಬರೆದವಳು ನಾನು,
ಎರಡು ಗಂಟೆ ಕೂತು, ಅಂಚಿಗೆ ಕೆಂಪಿನ ಜಾಗ ಬಿಟ್ಟು.
ಕಾಜ್ ದುಡಿದದ್ದು ಅಂಥದೇ ಹಿತ್ತಾಳೆ ಕಾರ್ಖಾನೆಯಲ್ಲಿ.
ಅದರ ಬೇಲಿಗೆ ಈಗ ಹಳದಿ ಫಲಕ: ಮಣ್ಣು ಮುಟ್ಟಬೇಡಿ.
ಕ್ಷಮಿಸು ಪ್ರೊಫೆಸರ್.
ನಿನ್ನ ಅಕ್ಷರವನ್ನಾದರೂ ನೆಟ್ಟಗೆ ಬರೆಯಬಹುದಿತ್ತು.

ಜೊತೆಯ ಹುಡುಗ ರಿವೆಟ್‌ಗೆ ಇನ್ನೂ ಹದಿಮೂರು.
ಚಡ್ಡಿಯಲ್ಲಿ ಹಿಮಕ್ಕೆ ಇಳಿದಿದ್ದಾನೆ, ಗುಂಡಿಗೆ ಎದುರಾಗಿದ್ದಾನೆ,
ನಲವತ್ತೊಂದು ಸಂಚಿಕೆಯಲ್ಲಿ ಒಮ್ಮೆಯೂ
ಊಟಕ್ಕೆ ಕೂತ ಚೌಕವಿಲ್ಲ.

ನರ್ಸ್ ಲೊರೇನ್.
ಅವಳಿಗೆ ಯಾವಾಗಲೂ ಮೋಡದ ಗುಳ್ಳೆ, ಕೊನೆಗೊಂದು ಪ್ರಶ್ನಾರ್ಥಕ:
ಯಾರಿರಬಹುದು ಈ ಮುಸುಕುಧಾರಿ?
ಕನ್ನಡಕ ತೆಗೆದ ಮಾತ್ರಕ್ಕೆ ಮನುಷ್ಯ ಗುರುತು ಸಿಗುವುದಿಲ್ಲವೇ,
ದಿನಾ ಅವನ ಗಾಯ ಕಟ್ಟುವವಳಿಗೆ?
ಒಂದು ರಾತ್ರಿ, ಎರಡು ಗಂಟೆ, ಬೆಳಿಗ್ಗೆ ಮುದ್ರಣ,
ಕತೆಗಾರ ಎಲ್ಲೋ ಕುಡಿದು ಬಿದ್ದಿದ್ದ;
ಒಂದು ಚೌಕದ ಮಾತು ಬಂದೇ ಇರಲಿಲ್ಲ.
ಖಾಲಿ ಗುಳ್ಳೆ. ಕಿಟಕಿಯಲ್ಲಿ ಲೊರೇನ್.
ಹಸಿ ಮಸಿಯ ಲೇಖನಿ ನನ್ನ ಕೈಯಲ್ಲಿ.
ಬರೆದೆ. ಅತಿ ಸಣ್ಣ ಅಕ್ಷರದಲ್ಲಿ:
ನೀನೇ ಅಂತ ಗೊತ್ತು. ಬೂಟು ಒರೆಸಿಕೊಂಡು ಒಳಗೆ ಬಾ.

ಸಂಪಾದಕ ಹನ್ನೊಂದು ಡಾಲರು ಮುರಿದುಕೊಂಡ.
ಮುಂದಿನ ತಿಂಗಳು ಲೊರೇನ್ ಮತ್ತೆ ಏನೂ ಅರಿಯದವಳು.
ಯಾರೂ ಪತ್ರ ಬರೆಯಲಿಲ್ಲ. ನಾನೂ ಮರೆತೆ,
ಮರೆತೆ ಅಂದುಕೊಂಡೆ.

ಇಪ್ಪತ್ತೇಳು, ಹತ್ತೊಂಬತ್ತನೇ ಪುಟ.
ಇದೆ.
ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ,
ಎರಡು ಸಲ, ಕಾಗದ ಹರಿಯುವಷ್ಟು ಒತ್ತಿ.
ಅಂಚಿನಲ್ಲಿ ಮಗುವಿನ ಉರುಟು ಅಕ್ಷರ:
‘ಮೊದಲಿಂದಲೂ ಗೊತ್ತಿತ್ತಾ?’

ಆ ಮಗುವಿಗೀಗ ಅರವತ್ತು ದಾಟಿರಬೇಕು.
ಗ್ಯಾರೇಜು ಅದರದೇ ಇರಬೇಕು,
ಯಾಕೆ ಖಾಲಿ ಮಾಡಿದರೋ, ಟೋಬಿಯಸ್ ಕೇಳಲಿಲ್ಲ.
ಪೆನ್ಸಿಲ್ ಕೊಡು ಅಂದೆ.
ಕೈ ನಡುಗುತ್ತದೆ, ಬರೆದೆ: ಹೂಂ.
ಉದ್ಗಾರಚಿಹ್ನೆ ಇಲ್ಲದೆ.

ನೋಡಿದರೆ ಥೇಟು ಪ್ರೊಫೆಸರ್ ಸಿಲ್ಟನ ಅಕ್ಷರ.